ಹಾವು ಹೊಂಟೈತಿ

ಆ ಮುದುಕಿಯ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಗೊಬ್ಬೂರಿನ ನಮ್ಮ ಓಣಿಯಲ್ಲಿ ಸರ್ಪಸುತ್ತು ತೆಗೆಯುವವಳು ಅವಳೇ. ಸೊಂಟದ ಸುತ್ತ ಗುಳ್ಳೆ ಎದ್ದು ಹಾವಿನ ತಲೆಬಾಲ ಕೂಡಿದರೆ ಸಾವು ಎಂದು ಊರೇ ನಂಬಿತ್ತು. ಅವಳು ಮೈಮೇಲೆ ಅಂಗೈ ಇಟ್ಟು, ಗುಳ್ಳೆಗಳ ಎರಡೂ ಕೊನೆಗೆ ಕೆಮ್ಮಣ್ಣಿನ ಗೆರೆ ಎಳೆದು, "ಹಾವಿನ ದಾರಿ ಕಟ್ಟೇನಿ, ನಿಶ್ಚಿಂತ ಮಲ್ಕೋ" ಎನ್ನುವಳು. ಉರಿಯಿಂದ ಒದ್ದಾಡುತ್ತಿದ್ದ ನಮ್ಮಪ್ಪ ನಿಜಕ್ಕೂ ನಿದ್ದೆಹೋಗಿದ್ದ.

ಹೋದ ವರ್ಷ ಅವ್ವನಿಗೆ ಗುಳ್ಳೆ ಎದ್ದದ್ದು ಹಣೆಯ ಮೇಲೆ, ಒಂದೇ ಬದಿಗೆ. ಮುದುಕಿ ಅಂಗೈ ಇಟ್ಟು ನಕ್ಕಳಂತೆ: "ಇದು ಸುತ್ತಂಗಿಲ್ಲ ಬೇ, ನೆತ್ತಿ ಹತ್ತೈತಿ. ಹಾವು ಹೊಂಟೈತಿ, ಹೋಗ್ಲಿ ಬಿಡು."

ಹಾವು ಹೊರಟದ್ದು ಕಣ್ಣಿಗೆ. ನಾನು ಊರಿಗೆ ಬಂದು ಅವ್ವನನ್ನು ಅಫಜಲಪುರಕ್ಕೆ ಒಯ್ದಾಗ ಡಾಕ್ಟರು ಕುರ್ಚಿಯಿಂದಲೇ ಹೇಳಿದರು: "ಮದ್ಲ ಬಂದಿದ್ರ ಗುಳಿಗಿ ಕೊಡ್ತಿದ್ದೆ, ಕಣ್ಣು ಉಳೀತಿತ್ತು. ಈಗೇನ್ ಮಾಡ್ಲಿ?"

ತಿರುಗಿ ಬಂದವನೇ ಮುದುಕಿಯ ಕೆಮ್ಮಣ್ಣಿನ ಬಟ್ಟಲನ್ನು ಗಟಾರಕ್ಕೆ ಎಸೆದೆ. ಅವಳು ಕೈಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ಬೈದದ್ದು ಅವ್ವ. ಉಳಿದ ಒಂದೇ ಕಣ್ಣಿನಿಂದ ನನ್ನನ್ನು ನುಂಗುವಂತೆ ನೋಡಿದಳು.

"ಆಕಿ ಮುಟ್ಟಿ ನೋಡಿದ್ಲಲೇ. ನಿನ್ನ ಡಾಕ್ಟರ ಮುಟ್ಟಿದ್ನೇನು?"