ಆರು ಕೌದಿಯೊಳಗಿನ ದನಿ

ಸೌಭಾಗ್ಯ ಅವರ ಗಂಟಲು ಮೂವತ್ತು ವರ್ಷ ಗದ್ದಲದಲ್ಲೇ ಪಳಗಿದ್ದು. ವಿಜಯಪುರದ ಬಸ್ ನಿಲ್ದಾಣದ ಮೈಕಿನಲ್ಲಿ ಅವರು ‘ನಿಡೋಣಿ, ಮಮದಾಪುರ’ ಎಂದು ಕೂಗಿದರೆ ತೂಕಡಿಸುವ ಪ್ರಯಾಣಿಕರಷ್ಟೇ ಅಲ್ಲ, ಡ್ರೈವರುಗಳೂ ಎದ್ದು ಓಡುತ್ತಿದ್ದರು. ನಿವೃತ್ತರಾಗಿ ಬಬಲೇಶ್ವರದ ನಮ್ಮ ಓಣಿಗೆ ಬಂದ ಮೇಲೆ ಆ ದನಿಗೆ ಕೆಲಸವಿರಲಿಲ್ಲ. ಬದನೆಕಾಯಿ ಚೌಕಾಸಿಗೆ ಅಷ್ಟೊಂದು ಬೇಕಾಗುವುದಿಲ್ಲ.

ಅಷ್ಟರಲ್ಲಿ ಗ್ರಂಥಾಲಯವೊಂದಕ್ಕೆ ಕಣ್ಣು ಕಾಣದ ಮಕ್ಕಳಿಗಾಗಿ ಪಾಠ ಓದಿ ರೆಕಾರ್ಡ್ ಮಾಡುವವರು ಬೇಕಾದರು. ಸೌಭಾಗ್ಯ ಕಪ್ಪೆಯ ಪಾಠ ಓದಿ ಮೊಬೈಲಿನಿಂದ ಕಳಿಸಿದರು. ‘ದನಿ ಚೆನ್ನ, ಹಿನ್ನೆಲೆ ಸದ್ದು ಹೆಚ್ಚು’ ಎಂದು ವಾಪಸು ಬಂತು. ಕೇಳಿ ನೋಡಿದರೆ, ಸರಿಯಾಗಿ ಕಪ್ಪೆ ಮೊಟ್ಟೆಯಿಡುವಾಗ ಕುಕ್ಕರ್ ಸೀಟಿ ಹೊಡೆದಿತ್ತು! ಎರಡನೆಯ ಸಲ ಫ್ಯಾನು, ಫ್ರಿಜ್ಜು ಸೇರಿ ಕಪ್ಪೆಗಿಂತ ಜೋರಾಗಿ ವಟಗುಟ್ಟಿದ್ದವು. ಇನ್ನೊಂದೇ ಅವಕಾಶ; ಇವತ್ತು ಸಂಜೆ ಐದರೊಳಗೆ ಮುಟ್ಟಬೇಕು.

ಗಂಡ ಬಸಲಿಂಗಯ್ಯ ಉಸ್ತುವಾರಿ ವಹಿಸಿಕೊಂಡರು. ಫ್ಯಾನು ಬಂದ್, ಫ್ರಿಜ್ಜು ಬಂದ್, ಕಿಟಕಿ ಬಂದ್. ಯಾರೂ ಕದ ಬಡಿಯಬಾರದೆಂದು ಹೊರಗಿನಿಂದ ಬೀಗ ಜಡಿದು ಚಹಾದಂಗಡಿಗೆ ನಡೆದರು.

ಹಗಲು ಹೊತ್ತು ಬಾಗಿಲು ಹಾಕುವ ಪದ್ಧತಿಯೇ ನಮ್ಮ ಓಣಿಯಲ್ಲಿಲ್ಲ. ಅಂಥದ್ದರಲ್ಲಿ ಬೀಗ ಹೊರಗೆ, ಹೆಂಗಸಿನ ದನಿ ಒಳಗೆ! ಸದ್ದು ಅಡಗಿಸಲು ಹೋಗಿ ಸುದ್ದಿಯಾಯಿತು. ಎದುರು ಮನೆಯಲ್ಲಿ ಹಳೆ ಸೀರೆಗಳನ್ನು ಪದರ ಪದರ ಸೇರಿಸಿ ಕೌದಿ ಹೊಲಿಯುವ ರಹಿಮಾಬಿ ಸೂಜಿ ಬಿಟ್ಟು ಓಡಿಬಂದಳು. ಹಿಂದೆ ಇಡೀ ಓಣಿ.

“ಕಾಕೂ, ಯಾರ್ರಿ ನಿಮ್ಮನ್ನ ಕೂಡಿ ಹಾಕ್ಯಾರ?”

“ನಿಮ್ಮ ಕಾಕಾನೇ ಹಾಕ್ಯಾರ! ಸುಮ್ನಿರ್ರಿ, ಕಪ್ಪಿ ಓದಾಕತ್ತೇನಿ!”

ಚಹಾದಂಗಡಿಯಿಂದ ಬಸಲಿಂಗಯ್ಯನವರನ್ನು ಹೆಚ್ಚುಕಡಿಮೆ ಹೊತ್ತೇ ತಂದರು.

“ಏನ್ರಿ ಕಾಕಾ, ಈ ವಯಸ್ಸಿನ್ಯಾಗ ಹೆಂಡ್ತಿಗಿ ಕೀಲಿ ಹಾಕ್ತೀರಿ?” ರಹಿಮಾಬಿ ಗದರಿದಳು.

“ಆಕಿಗಿ ಎಲ್ಲಿ ಹಾಕೇನಿ ಬೇ? ನಿಮ್ಮ ಬಾಯಿಗಿ ಹಾಕೇನಿ!”

ಬಾಗಿಲು ತೆರೆಯುವಾಗ ನಾಲ್ಕೂಕಾಲು. ರಹಿಮಾಬಿ ಅರ್ಧಂಬರ್ಧ ರೆಕಾರ್ಡಿಂಗ್ ಕೇಳಿ ಮುಖ ಸಿಂಡರಿಸಿದಳು. “ದನಿ ಗ್ವಾಡಿಗಿ ಬಡದು ತಿರುಗಿ ಬರಾಕತ್ತೈತಿ ನೋಡ್ರಿ. ಸುತ್ತ ಬಟ್ಟಿ-ಅರಿವಿ ಇದ್ರ ನುಂಗತೈತಿ. ತಡೀರಿ.”

ಆರು ಕೌದಿ ಬಂದವು. ಮಂಚದ ಸುತ್ತ ಹಗ್ಗ ಕಟ್ಟಿ, ಕೌದಿ ಇಳಿಬಿಟ್ಟು ಗುಡಾರವಾಯಿತು. ಒಳಗೆ ಸೌಭಾಗ್ಯ, ಬಾಯಿಂದ ಗೇಣು ದೂರದಲ್ಲಿ ಮೊಬೈಲು. ಹೊಸ್ತಿಲಲ್ಲಿ ರಹಿಮಾಬಿ, ತುಟಿಯ ಮೇಲೆ ಬೆರಳು. ಓಣಿ ಉಸಿರು ಬಿಗಿಹಿಡಿಯಿತು. ತಳ್ಳುಗಾಡಿಯ ಮಲಂಗಸಾಬ ‘ಬದನಿಕಾಯಿ’ಯ ‘ಬ’ ಅಂದವನು ಉಳಿದದ್ದನ್ನು ನುಂಗಿಕೊಂಡ.

ಆದರೆ ದನಿಯೇ ಹೊರಡಲಿಲ್ಲ. ಮೂವತ್ತು ವರ್ಷ ಗದ್ದಲವನ್ನು ತಳ್ಳಿ ತಳ್ಳಿ ಮಾತಾಡಿದ ಗಂಟಲು. ಈಗ ತಳ್ಳಲು ಎದುರಿಗೆ ಏನೂ ಇಲ್ಲ. ಸೌಭಾಗ್ಯ ಕಣ್ಣು ಮುಚ್ಚಿದರು. ಪಕ್ಕದಲ್ಲೇ ಒಂದು ಮಗು ಕೂತಿದೆ ಅಂದುಕೊಂಡರು. ಆಮೇಲೆ ಶುರುವಾಯಿತು, ಮೆಲ್ಲಗೆ, ಕಿವಿಯಲ್ಲಿ ಹೇಳಿದಂತೆ.

ಬಸಲಿಂಗಯ್ಯನವರ ಬಾಯಿ ತೆರೆದಲ್ಲೇ ನಿಂತಿತು. “ಈ ದನಿ ಮೊದ್ಲಿಂದಾನೂ ಇತ್ತೇನು?” ಎಂದು ಪಿಸುಗುಟ್ಟಿದವರನ್ನು ರಹಿಮಾಬಿ ಕಣ್ಣಲ್ಲೇ ಗದರಿದಳು.

ಐದಕ್ಕೆ ಐದು ನಿಮಿಷವಿರುವಾಗ ಪಾಠ ಹೊರಟಿತು. ಕೌದಿಯಿಂದ ಬೆವರಿನ ಮುದ್ದೆಯಾಗಿ ಹೊರಬಂದ ಸೌಭಾಗ್ಯ ಮೊದಲು ಫ್ಯಾನು ಹಾಕಿದರು; ಹೊರಗೆ ಮಲಂಗಸಾಬ “...ದನಿಕಾಯಿ!” ಎಂದು ಬಿಡುಗಡೆಯಾದ.

ಮರುದಿನ ಉತ್ತರ ಬಂತು: ‘ಆಯ್ಕೆಯಾಗಿದ್ದೀರಿ. ಹಿನ್ನೆಲೆ ಸದ್ದು ಎಳ್ಳಷ್ಟೂ ಇಲ್ಲ. ಕೊನೆಯಲ್ಲಿ ಕಪ್ಪೆಯು ಪ್ಲಾಟ್‌ಫಾರ್ಮ್ ನಾಲ್ಕರಿಂದ ಹೊರಡಲಿದೆ ಎಂಬ ಸಾಲನ್ನು ಮಾತ್ರ ತೆಗೆದಿದ್ದೇವೆ.’