ಅತ್ತೆಗೆ ಮಾನ್ಯತೆ ಸಿಗದ ದಿನ

ಮೊನ್ನೆ ಭದ್ರಾವತಿ ಬಸ್ಸಿಗೆ ಮಾಚೇನಹಳ್ಳಿಯಲ್ಲಿ ಹತ್ತಿದವರೊಬ್ಬರು ನನ್ನ ಪಕ್ಕ ಬಂದು ಕೂತರು. ಅವರ ಅಂಗಿಯಿಂದ ಸುಟ್ಟ ಮರಳಿನ ವಾಸನೆ, ಎರಕದ ಕಾರ್ಖಾನೆಯದು. ನನಗೆ ಸೋದರತ್ತೆಯ ತರಗತಿ ನೆನಪಾಯಿತು... ಪಾಳಿ ಮುಗಿಸಿ ನೇರ ಬರುವವರಿಂದ ಆ ಕೋಣೆಯೆಲ್ಲ ಇದೇ ವಾಸನೆ.

ಅತ್ತೆ ಮಾಚೇನಹಳ್ಳಿಯಲ್ಲಿ ತರಬೇತಿ ಕೇಂದ್ರ ನಡೆಸುತ್ತಿದ್ದರು. ಮಾಲು ಯಾಕೆ ರಿಜೆಕ್ಟ್ ಆಗುತ್ತದೆ, ಯಾವ ಹಂತದಲ್ಲಿ ಹೊತ್ತು ಸುಮ್ಮನೆ ಹಾಳಾಗುತ್ತದೆ, ಕೆಲಸದ ಕ್ರಮವನ್ನು ಹೇಗೆ ತಿದ್ದಬೇಕು ಎಂದು ಕಾರ್ಮಿಕರಿಗೆ ಕಲಿಸುತ್ತಿದ್ದರು. ಪಾಠ ಅವರದು, ಪರೀಕ್ಷೆ ನಡೆಸಿ ಉತ್ತರ ತಿದ್ದುವುದು ನನ್ನದು. ನಾನೇನೂ ಧಾರಾಳಿಯಲ್ಲ, ನನ್ನ ಕೈಯಲ್ಲಿ ಫೇಲಾದವರು ಬೇಕಾದಷ್ಟಿದ್ದರು.

ಒಂದು ವರ್ಷ ಕಾರ್ಖಾನೆಯವರು, ಮಾನ್ಯತೆ ಇಲ್ಲದ ಕೇಂದ್ರಕ್ಕೆ ಇನ್ನು ಕೆಲಸದವರನ್ನು ಕಳಿಸುವುದಿಲ್ಲ ಎಂದುಬಿಟ್ಟರು. ಮಾನ್ಯತೆಯ ನಿಯಮಗಳಲ್ಲಿ ಒಂದು ನಮ್ಮ ಕುತ್ತಿಗೆಗೇ ಬಂತು: ಕಲಿಸುವವರಿಗೂ ಪರೀಕ್ಷೆ ಮಾಡುವವರಿಗೂ ನಂಟಿರಬಾರದು. ಬೇರೆ ಪರೀಕ್ಷಕರಿಗಾಗಿ ಹುಡುಕಾಡಿದೆವು, ಅಷ್ಟು ಬೇಗ ಯಾರೂ ಸಿಗಲಿಲ್ಲ. ಹಾಗೆಯೇ ಮಾನ್ಯತೆಗೆ ಅರ್ಜಿ ಹಾಕಿದೆವು.

"ನೋಡೋಕೆ ಬರೋರು ಅವರಾಗಿ ಕೇಳದಿದ್ರೆ ಸುಮ್ನಿರಿ ಅತ್ತೆ," ಎಂದೆ.

"ಸುಮ್ನಿರ್ತೀನಿ. ಕೇಳಿದ್ರೆ ಮಾತ್ರ ಸುಳ್ಳು ಹೇಳಲ್ಲ ಮಾರಾಯ್ತಿ," ಎಂದರು.

ಪರಿಶೀಲನೆಗೆ ಹೊರಗಿನಿಂದ ಅಧಿಕಾರಿಯೊಬ್ಬರು ಬಂದರು. ಹಿಂದೆ ಕೂತು ಪಾಠ ಕೇಳಿದರು, ಕಲಿತವರು ಕಾರ್ಖಾನೆಯಲ್ಲಿ ಏನು ಸುಧಾರಿಸಿದ್ದಾರೆ ಎಂದು ವಿಚಾರಿಸಿದರು, ನಾನು ತಿದ್ದಿದ ಉತ್ತರಗಳನ್ನು ನೋಡಿದರು. ನಾನು ದಿನವಿಡೀ ಅತ್ತೆಯನ್ನು "ಮೇಡಂ, ಮೇಡಂ" ಎನ್ನುತ್ತ ನಾಲಿಗೆಯನ್ನು ಬಿಗಿಹಿಡಿದಿದ್ದೆ. ಮಧ್ಯಾಹ್ನ ಊಟ ತಂದ ಹೋಟೆಲಿನವರು, "ನಿಮ್ಮತ್ತೆಗೆ ಉಪ್ಪಿನ್ಕಾಯಿ ಬೇಕಾ ನೋಡ್ರೀ," ಎಂದಾಗ ಥಟ್ಟನೆ ಹಿಂದಿನ ಕುರ್ಚಿಯತ್ತ ತಿರುಗಿದೆ. ಪುಣ್ಯಕ್ಕೆ ಅಧಿಕಾರಿ ಕೈ ತೊಳೆಯಲು ಹೋಗಿದ್ದರು.

ಸಂಜೆ ಅವರು ಬ್ಯಾಗು ಮುಚ್ಚುತ್ತ, "ಎಲ್ಲಾ ಚೆನ್ನಾಗಿದೆ ಮೇಡಂ. ನಿಮಗೂ ಪರೀಕ್ಷಕರಿಗೂ ನೆಂಟಸ್ತನ ಏನೂ ಇಲ್ವಲ್ಲ?" ಎಂದರು. ಬಾಯಿಮಾತಿಗೆ ಕೇಳಿದಂತೆ ಕೇಳಿದರು. ಅತ್ತೆ ಸುಮ್ಮನೆ ತಲೆ ಅಲ್ಲಾಡಿಸಿದ್ದರೂ ಸಾಕಿತ್ತು... ಅವರು ನನ್ನ ಕಡೆ ನೋಡಲೇ ಇಲ್ಲ.

"ಇವಳು ನಮ್ಮಣ್ಣನ ಮಗಳು ಸಾರ್," ಎಂದರು.

ಅಧಿಕಾರಿ ಮತ್ತೆ ಕುರ್ಚಿಯಲ್ಲಿ ಕುಳಿತರು. ಬೇರೆ ಪರೀಕ್ಷಕರನ್ನು ನೇಮಿಸಿಕೊಂಡು ಹೊಸದಾಗಿ ಅರ್ಜಿ ಹಾಕಿ ಎಂದು ಬೇಸರದಿಂದಲೇ ಹೇಳಿ ಹೋದರು. ನಾವು ಹಾಕುವಷ್ಟರಲ್ಲಿ ಕಾರ್ಖಾನೆಯವರು ಶಿವಮೊಗ್ಗದಲ್ಲಿ ಇನ್ನೊಂದು ಕೇಂದ್ರ ಹಿಡಿದಿದ್ದರು. ನಮ್ಮ ಕೋಣೆಗೆ ಬೀಗ ಬಿತ್ತು.

ಆಮೇಲೆ ಭದ್ರಾವತಿಯಲ್ಲಿದ್ದ ಅತ್ತೆಯ ಮನೆಗೆ ಹೋದಾಗಲೆಲ್ಲ ನಾನು ಅದೇ ಜಗಳ ತೆಗೆಯುತ್ತಿದ್ದೆ. ಪರೀಕ್ಷೆಯಲ್ಲಿ ಒಂದು ಮೋಸವೂ ಆಗಿರಲಿಲ್ಲ, ನಂಟು ಇದ್ದರೇನಂತೆ ಎಂದು ಕೂಗಾಡುತ್ತಿದ್ದೆ. ಅತ್ತೆ ಕಾಫಿ ಸೋಸುತ್ತಲೇ, "ತಪ್ಪಾಗೋ ಜಾಗ ತೋರ್ಸಿ ಅಂತ ಅವರಿಗೆಲ್ಲ ಕಲ್ಸಿ, ನಮ್ದನ್ನ ಮುಚ್ಚಿಡೋದಾ?" ಎನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ, ಅವರೂ ಬಿಡುತ್ತಿರಲಿಲ್ಲ...

ಹೋದ ವರ್ಷ ಅತ್ತೆ ತೀರಿಕೊಂಡರು. ಬಂದವರೆಲ್ಲ ಅವರ ಪ್ರಾಮಾಣಿಕತೆಯನ್ನು ಹೊಗಳಿ ಹೋದರು. ಹೊಗಳಲಿ, ಅವರಿಗೇನು. ಅತ್ತೆ ಆ ಬಾಗಿಲು ಮುಚ್ಚಿಸಿಕೊಂಡಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಸರಿಯಾಗಿ ಜಗಳ ಆಡೋಣವೆಂದರೆ ಎದುರುತ್ತರ ಕೊಡಲು ಅತ್ತೆ ಇಲ್ಲ.