ಬಟ್ಟೆಯ ಮೇಲೆ ನಡೆದವರು

ನಮ್ಮ ಕಂಪೆನಿಯ ಸೇಫ್ಟಿ ಮ್ಯಾನೇಜರ್ ಇಂಗ್ಲೆಂಡಿನವರು, ಅಡ್ಡಹೆಸರು ವಾಕರ್. ಅರವತ್ತು ದಾಟಿದ್ದರೂ ಕುವೈತಿನ ಬಿಸಿಲಿನಲ್ಲಿ ದಿನವಿಡೀ ಸೈಟು ಸುತ್ತುವ ಮನುಷ್ಯ. ಒಂದು ದಿನ ಚಹಾದ ಹೊತ್ತಿನಲ್ಲಿ, ಹೆಸರಿಗೆ ತಕ್ಕ ಹಾಗೆ ನಡೆಯುತ್ತೀರಿ ಸರ್ ಎಂದು ತಮಾಷೆ ಮಾಡಿದೆ.

ಅವರು ನಕ್ಕು, ಆ ನಡಿಗೆ ದಾರಿಯ ಮೇಲಿನದಲ್ಲ, ಬಟ್ಟೆಯ ಮೇಲಿನದು ಎಂದರು. ಹಿಂದೆ ಅವರ ದೇಶದಲ್ಲಿ ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆಯಲ್ಲಿ ಜಿಡ್ಡು ತುಂಬಿರುತ್ತಿತ್ತಂತೆ. ಅದನ್ನು ನೀರಿನ ತೊಟ್ಟಿಗೆ ಹಾಕಿ, ಜಿಡ್ಡು ಹೀರುವ ಮಣ್ಣು ಬೆರೆಸಿ, ಗಂಟೆಗಟ್ಟಲೆ ಕಾಲಿನಿಂದ ತುಳಿಯುವುದಕ್ಕೆಂದೇ ಜನರಿದ್ದರಂತೆ. ಉತ್ತರದ ಕಡೆ ಅವರನ್ನು ವಾಕರ್ ಎನ್ನುತ್ತಿದ್ದರು, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್. ಕೆಲಸ ಒಂದೇ, ಸೀಮೆಗೊಂದು ಹೆಸರು. ನೀರಿನಿಂದ ತಿರುಗುವ ಗಿರಣಿಗಳು ಬಂದ ಮೇಲೆ ತುಳಿಯುವ ಕೆಲಸ ಹೋಯಿತು. ಹೆಸರು ಮಾತ್ರ ಮೊಮ್ಮಕ್ಕಳಿಗೆ ಉಳಿಯಿತು.

ನಾವು ಉಡುಪಿಯ ಕಡೆಯ ಮಡಿವಾಳರು. ಊರವರ ಬಟ್ಟೆ ಒಗೆಯುವುದೇ ಅಜ್ಜನ ಕೆಲಸ, ಅಪ್ಪನ ಕೆಲಸ. ಪಂಚೆ, ಸೀರೆಗಳನ್ನು ಕಲ್ಲಿಗೆ ಬಡಿಯುತ್ತಿದ್ದರು. ದಪ್ಪ ಕಂಬಳಿಯನ್ನು ಮಾತ್ರ ಹೊಳೆಯ ಅಂಚಿನಲ್ಲಿ ಹಾಸಿ ತುಳಿಯುತ್ತಿದ್ದರು. ನನ್ನ ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪ, ಆ ಹೆಸರನ್ನು ಅಷ್ಟು ದೂರಕ್ಕೆ ಯಾಕೆ ಹೊತ್ತುಕೊಂಡು ಹೋಗುತ್ತಿ ಎಂದು ಅಡ್ಡಹೆಸರಿನ ಜಾಗದಲ್ಲಿ ತಮ್ಮ ಹೆಸರನ್ನೇ ಬರೆಸಿದ್ದರು. ಇಲ್ಲಿ ಯಾರಿಗೂ ನಾನು ಅದನ್ನು ಹೇಳಿದವನಲ್ಲ. ಆ ದಿನ ಮಾತು ತಾನಾಗಿಯೇ ಬಾಯಿಗೆ ಬಂತು.

"ಸರ್, ಹಾಗಾದರೆ ನಾನೂ ಒಬ್ಬ ವಾಕರ್."

ಅವರು ಲೋಟ ಕೆಳಗಿಟ್ಟು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳತೊಡಗಿದರು. ಸೋಪು ಬರುವ ಮೊದಲು ಏನು ಹಾಕುತ್ತಿದ್ದರು, ಒಬ್ಬರೇ ತುಳಿಯುತ್ತಿದ್ದರೋ ಜೊತೆಯಾಗಿಯೋ ಎಂದು. ನಾನು ಪ್ಯಾಂಟ್ರಿಯಲ್ಲೇ ಶೂ ಕಳಚಿ ತುಳಿದು ತೋರಿಸಿದೆ. ಮೀಟಿಂಗಿಗೆ ಇಬ್ಬರೂ ತಡವಾಗಿ ಹೋದೆವು.

ಮನೆಗೆ ಬಂದವನೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಅಪ್ಪ ಎಲ್ಲ ಕೇಳಿ ಫೋನನ್ನು ಮುಖಕ್ಕೆ ಹತ್ತಿರ ತಂದರು.

"ಬಿಳಿಯರಲ್ಲೂ ನಮ್ಮವರು ಉಂಟಾ?"

ಉಂಟು, ನಮ್ಮ ಆಫೀಸಲ್ಲೇ ಒಬ್ಬರಿದ್ದಾರೆ ಎಂದೆ. ಹಾಗಾದರೆ ಅವರನ್ನು ಊಟಕ್ಕೆ ಕರೆಯದೆ ಬಿಡಬೇಡ ಎಂದರು.

ಶುಕ್ರವಾರ ವಾಕರ್ ಫರ್ವಾನಿಯಾದ ನಮ್ಮ ಫ್ಲ್ಯಾಟಿಗೆ ಬಂದರು. ಹೆಂಡತಿ ಕೋರಿ ರೊಟ್ಟಿ ಮಾಡಿದ್ದಳು. ಐದನೇ ಕ್ಲಾಸಿನ ಮಗಳಿಗೆ ತುಳು, ಕನ್ನಡ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಂದು ಅದೇ ಅನುಕೂಲವಾಯಿತು. ವಿಡಿಯೋ ಕಾಲಿನಲ್ಲಿದ್ದ ಅಜ್ಜನ ತುಳುವನ್ನು ಅತಿಥಿಗೆ ಇಂಗ್ಲಿಷಿನಲ್ಲಿ ಹೇಳಿದವಳು ಅವಳೇ, ಅತಿಥಿಯ ಮಾತನ್ನು ಅಪ್ಪನಿಗೆ ತುಳುವಿನಲ್ಲಿ ಹೇಳಿದವನು ನಾನು.

ಅಪ್ಪ ಕೇಳಿದರು: "ನಿಮ್ಮ ಊರಲ್ಲಿ ಆ ಹೆಸರು ಕೇಳಿದರೆ ಒಳಗೆ ಕರೀತಾರಾ, ಹೊರಗೆ ನಿಲ್ಲಿಸ್ತಾರಾ?"

ಮಗಳಿಗೆ ಅದನ್ನು ಹೇಗೆ ಹೇಳುವುದೆಂದು ತಿಳಿಯಲಿಲ್ಲ. ನಾನೇ ಹೇಳಿದೆ. ವಾಕರ್ ತಟ್ಟೆಯಿಂದ ಕೈ ತೆಗೆದರು. ನಮ್ಮಲ್ಲಿ ಡಾಕ್ಟರುಗಳಿಗೂ ಜಡ್ಜುಗಳಿಗೂ ಈ ಹೆಸರಿದೆ, ಹೆಚ್ಚಿನವರಿಗೆ ಅರ್ಥವೇ ಗೊತ್ತಿಲ್ಲ, ಆದರೆ ನನಗೆ ಅಮ್ಮ ಹೆಮ್ಮೆಯಿಂದ ಹೇಳಿಕೊಟ್ಟಿದ್ದರು ಎಂದರು. ಅಪ್ಪ ತಲೆಯಾಡಿಸಿದರು. ಮರುಕ್ಷಣವೇ ಅವರ ಮುಖ ಅರಳಿತು. ಬಿಸಿಲೇ ಇಲ್ಲದ ಊರಿನಲ್ಲಿ ಅಷ್ಟು ಬಟ್ಟೆ ಒಣಗಿಸುವುದು ಹೇಗೆ ಎಂದು ಕೇಳಿದರು. ಬಯಲಿನಲ್ಲಿ ಮರದ ಚೌಕಟ್ಟು ನೆಟ್ಟು, ಕೊಕ್ಕೆಗಳಿಗೆ ಬಿಗಿದು ಗಾಳಿಗೆ ಬಿಡುತ್ತಿದ್ದರು ಎಂಬ ಉತ್ತರ ಕೇಳಿ ಅಪ್ಪ ತೊಡೆ ತಟ್ಟಿ ನಕ್ಕರು.

ಊಟ ಮುಗಿದದ್ದೇ ಮಗಳು ತುಳಿಯುವುದನ್ನು ನೋಡಲೇಬೇಕೆಂದು ಹಟ ಹಿಡಿದಳು. ಚಳಿಗಾಲ ಮುಗಿದು ಒಗೆಯಲು ತೆಗೆದಿಟ್ಟ ದೊಡ್ಡ ಬ್ಲ್ಯಾಂಕೆಟ್ ಮೂಲೆಯಲ್ಲಿತ್ತು, ವಾಷಿಂಗ್ ಮೆಷಿನ್ನಿನಲ್ಲಿ ಹಿಡಿಸುವಂಥದ್ದಲ್ಲ. ಅದನ್ನು ಬಾತ್‌ಟಬ್ಬಿಗೆ ಹಾಕಿ ನೀರು ಬಿಟ್ಟೆವು. ವಾಕರ್ ಪ್ಯಾಂಟು ಮಡಚಿ ಇಳಿದೇಬಿಟ್ಟರು, ಹಿಂದೆಯೇ ಮಗಳು. ಹೆಂಡತಿ ಫೋನ್ ಎತ್ತಿ ಹಿಡಿದಳು.

"ಬೆರಳಲ್ಲಿ ಅಲ್ಲ, ಹಿಮ್ಮಡಿಯಲ್ಲಿ ಒತ್ತಬೇಕು," ಅಪ್ಪ ಉಡುಪಿಯಿಂದ ಹೇಳುತ್ತಿದ್ದರು. "ಗೋಡೆ ಹಿಡ್ಕೊಳ್ಳಿಕ್ಕೆ ಹೇಳು ಅವರಿಗೆ."

ಮರಳು, ಧೂಳೆಲ್ಲ ಬಿಟ್ಟು ನೀರು ಕಪ್ಪಾಯಿತು. ತುಳಿಯುತ್ತಲೇ ಮಗಳು, ಹಾಗಾದರೆ ನಮ್ಮ ನಿಜವಾದ ಅಡ್ಡಹೆಸರು ಯಾವುದು ಎಂದು ಕೇಳಿದಳು. ಹೇಳಿದೆ. ಅವಳು "ಮಡಿವಾಲ" ಎಂದಳು.

"ಲ ಅಲ್ಲ ಮಗಾ, ಳ," ಅಪ್ಪ ಫೋನಿನೊಳಗಿಂದ ತಿದ್ದಿದರು. "ಮಡಿವಾಳ. ಇನ್ನೊಮ್ಮೆ ಹೇಳು."

ಅವಳು ಹೇಳಿದಳು. ವಾಕರ್ ಕೂಡ ಪ್ರಯತ್ನಿಸಿ ಸೋತರು. ಕೊನೆಗೆ ನೀರು ಹೀರಿ ಎಮ್ಮೆಯಷ್ಟು ಭಾರವಾಗಿದ್ದ ಬ್ಲ್ಯಾಂಕೆಟ್ಟನ್ನು ಎಲ್ಲರೂ ಸೇರಿ ಲಿಫ್ಟಿನಲ್ಲಿ ಟೆರೇಸಿಗೆ ಸಾಗಿಸಿದೆವು. ಒಂದು ತುದಿ ವಾಕರ್ ಹಿಡಿದರು, ಇನ್ನೊಂದು ನಾನು. ಹಿಂಡಿದಾಗ ನೀರೆಲ್ಲ ನಮ್ಮಿಬ್ಬರ ಕಾಲ ಮೇಲೆಯೇ ಸುರಿಯಿತು.